ಮೂಳೆ ಡಾಕ್ಟರ ಹೆಂಡತಿ ಹಿಮದಲ್ಲಿ ಇಳಿದದ್ದು

ನಾನು ಮೂಳೆ ಡಾಕ್ಟರು. ಐರ್ಲೆಂಡಿನಲ್ಲಿ ಚಳಿಗಾಲ ಮುಗಿಯುತ್ತ ಬಂತೆಂದು ನನಗೆ ತಿಳಿಯುವುದು ಕ್ಯಾಲೆಂಡರಿನಿಂದಲ್ಲ, ರೋಗಿಗಳ ಮುಖದಿಂದ. ಮೂಗು, ಕೆನ್ನೆ ಎಲ್ಲ ಬಿಸಿಲಿಗೆ ಕೆಂಪಾಗಿ, ಕಣ್ಣಿನ ಸುತ್ತ ಮಾತ್ರ ಕನ್ನಡಕದ ಅಳತೆಗೆ ಬೆಳ್ಳಗಿರುತ್ತದೆ. ಕೈಯೋ ಕಾಲೋ ಊದಿರುತ್ತದೆ. ಹಿಮದ ಬೆಟ್ಟಗಳಲ್ಲಿ ಸ್ಕೀಯಿಂಗ್ ಮಾಡಿ ವಿಮಾನ ಇಳಿದು ಬಂದವರು ಇವರು. ಹೇಗಿತ್ತು ರಜಾ ಎಂದು ಕೇಳಿದರೆ, ಮಣಿಕಟ್ಟು ಎರಡು ತುಂಡಾಗಿದ್ದರೂ "ಗ್ರ್ಯಾಂಡ್, ಡಾಕ್ಟರ್" ಎನ್ನುತ್ತಾರೆ. ದುಡ್ಡು ಕೊಟ್ಟು ಮೂಳೆ ಮುರಿದುಕೊಳ್ಳುವ ಈ ಜನರನ್ನು ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಚೆನ್ನಾಗಿ ಆಡಿಕೊಳ್ಳುತ್ತಿದ್ದೆ.

ಹೋದ ವರ್ಷ ಹಾಗೆ ಆಡಿಕೊಳ್ಳುತ್ತಿದ್ದಾಗಲೇ ನನ್ನ ಹೆಂಡತಿ ತಾನೂ ಹೋಗುತ್ತೇನೆ ಎಂದಳು. ಅವಳು ಡಬ್ಲಿನ್ನಿನ ಅಂಚಿನ ಟಾಲಾದ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಜೊತೆಯಲ್ಲಿ ಕೆಲಸ ಮಾಡುವವರು ಪ್ರತಿ ವರ್ಷ ಹೋಗಿಬಂದು ಫೋಟೊ ತೋರಿಸುತ್ತಿದ್ದರು. ನಾನು ವಯಸ್ಸು ನೆನಪಿಸಿದೆ, ನಲವತ್ತೇಳು. ಅವಳು ಚಿತ್ರದುರ್ಗದ ಕಥೆ ತೆಗೆದಳು. ಹುಡುಗಿಯಾಗಿದ್ದಾಗ ಬಾಡಿಗೆ ಸೈಕಲ್ ತೆಗೆದುಕೊಂಡು, ಒಂದೇ ಒಂದು ಸಲ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂದಿದ್ದಳಂತೆ. ಯಾರೋ ಮನೆಗೆ ಸುದ್ದಿ ಮುಟ್ಟಿಸಿದರು. ಕೈಕಾಲು ಮುರಿದುಕೊಂಡರೆ ಯಾರು ಮದುವೆಯಾಗುತ್ತಾರೆ ಎಂದು ಅವರಪ್ಪ ಅಂದೇ ಸೈಕಲ್ ಬಿಡಿಸಿದರು.

"ಈಗ ಮದ್ವೆ ಆಗೋಗಿದೆಯಲ್ರೀ, ಇನ್ನೇನು ಭಯ?" ಎಂದಳು.

ಡಬ್ಲಿನ್ನಿನ ದಕ್ಷಿಣದ ಗುಡ್ಡದಲ್ಲಿ ಪ್ಲಾಸ್ಟಿಕ್ ಬ್ರಷ್‌ನಂಥದ್ದನ್ನು ಹಾಸಿದ ಒಂದು ಇಳಿಜಾರಿದೆ. ಹಿಮವಿಲ್ಲದ ದೇಶದವರು ಅಲ್ಲೇ ಕಲಿಯಬೇಕು. ಅವಳು ಮಗಳನ್ನು ಕರೆದುಕೊಂಡು ನೇಸ್‌ನ ನಮ್ಮ ಮನೆಯಿಂದ ಪ್ರತಿ ಭಾನುವಾರ ಅಲ್ಲಿಗೆ ಹೊರಟಳು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಹಾಡಿಕೊಂಡು ಬರುತ್ತಿದ್ದಳು. "ಮಮ್ ಈಸ್ ಆ್ಯಕ್ಚುಯಲಿ ಗುಡ್" ಎಂದು ಮಗಳು ಹೇಳಿದಳು. ಹದಿನೈದರ ಆ ಹುಡುಗಿ ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ.

ಮಾರ್ಚಿನಲ್ಲಿ ಮೂವರೂ ಹೋದೆವು. ಆಂಡೋರಾ ಎಂಬ ಪುಟ್ಟ ಬೆಟ್ಟದ ದೇಶ, ಅದರ ಅಂಚಿನ ಊರು. ಬೀದಿಯ ಈ ತುದಿಗೆ ಬಂದರೆ ಫ್ರಾನ್ಸಿನ ಗಡಿ, ಆ ತುದಿಗೆ ಹೋದರೆ ಹಿಮದ ಇಳಿಜಾರು. ಇಲ್ಲಿ ತೆರಿಗೆ ಕಡಿಮೆಯೆಂದು ಗಡಿಯಾಚೆಯಿಂದ ಬಂದವರು ಸಿಗರೇಟು, ಸೆಂಟು, ಚೀಸು ಹೊತ್ತುಕೊಂಡು ಕಾರಿಗೆ ಓಡುತ್ತಿದ್ದರೆ, ಅವರ ನಡುವೆಯೇ ಸ್ಕೀ ಬೂಟಿನವರು ಟಕಟಕನೆ ನಡೆಯುತ್ತಾರೆ. ಊರು ಎಷ್ಟು ಎತ್ತರವೆಂದರೆ ಎರಡು ಮಹಡಿ ಹತ್ತಿದರೆ ಏದುಸಿರು. ಬಾಡಿಗೆ ಮನೆಯ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಅನ್ನ ಬೇಯಲೊಲ್ಲದು.

"ಕುಕ್ಕರ್ ತರೋಣ ಅಂದ್ರೆ ಕೇಳಿದ್ರಾ? ಸೂಟ್‌ಕೇಸ್ ತುಂಬಾ ನಿಮ್ ಸಾಮಾನು!" ಎಂದು ಹೆಂಡತಿ ರೇಗಿದಳು.

ನನ್ನ ಸಾಮಾನೆಂದರೆ ಮಣಿಕಟ್ಟಿನ ಪಟ್ಟಿ, ಕ್ರೇಪ್ ಬ್ಯಾಂಡೇಜು, ಎರಡೂ ಮೊಣಕಾಲಿಗೆ ಲೋಹದ ಕೀಲಿರುವ ಬ್ರೇಸು. ಎಷ್ಟು ಮಡಚಬಹುದೆಂದು ಆ ಕೀಲಿನಲ್ಲೇ ನಿಗದಿ ಮಾಡಿ ತಡೆ ಹಾಕಬಹುದು. ಆಪರೇಷನ್ ಆದವರಿಗೆ ಹಾಕುವ ವಸ್ತು ಅದು. ಹೆಂಡತಿಯ ಮೊಣಕಾಲು ತಿರುಚಿಕೊಳ್ಳಬಾರದೆಂದು ಮೊದಲ ದಿನ ಬೆಳಿಗ್ಗೆ ನಾನೇ ಮಂಡಿಯೂರಿ ಕೂತು ಅವನ್ನು ಬಿಗಿದೆ. ಮೇಲೆ ದೊಗಳೆ ಪ್ಯಾಂಟು ಬಂದದ್ದರಿಂದ ಹೊರಗಿನವರಿಗೆ ಏನೂ ಕಾಣುತ್ತಿರಲಿಲ್ಲ.

ಮೂರು ದಿನ ಅವಳು ಬಿದ್ದಳು. ನಿಂತರೆ ಬಿದ್ದಳು, ತಿರುಗಿದರೆ ಬಿದ್ದಳು. ಕಲಿಸುವ ಹುಡುಗಿ "ಬೆಂಡ್ ಯುವರ್ ನೀಸ್" ಎಂದು ಗಂಟಲು ಹರಿದುಕೊಂಡಳು. ಮಗಳು ಆಗಲೇ ಚೇರ್‌ಲಿಫ್ಟ್ ಹತ್ತಿ ಮೇಲಿನಿಂದ ಇಳಿಯುತ್ತಿದ್ದಳು. ಮೂರನೆಯ ದಿನ ಹೆಂಡತಿಯನ್ನು ಐದು ವರ್ಷದ ಮಕ್ಕಳ ಗುಂಪಿಗೆ ಸೇರಿಸಿದರು. ನಾನು ಕೆಳಗಿನ ಕೆಫೆಯಲ್ಲಿ ಬಿಸಿ ಚಾಕಲೇಟ್ ಕುಡಿಯುತ್ತ ನೋಡುತ್ತಿದ್ದೆ. ಕಲಿಸುವವಳು ಅರ್ಧ ಕೂತು ತೋರಿಸಿದಳು, ಮಕ್ಕಳೆಲ್ಲ ಅರ್ಧ ಕೂತರು. ನನ್ನ ಹೆಂಡತಿ ಸೊಂಟದವರೆಗೆ ಮಾತ್ರ ಬಾಗಿ, ಗೋಡೆಗಿಟ್ಟ ಏಣಿ ಜಾರಿದಂತೆ ಹಿಂದಕ್ಕೆ ಬಿದ್ದಳು.

ಆಗ ನನಗೆ ಹೊಳೆಯಿತು. ಅವಳು ಮೊಣಕಾಲು ಬಗ್ಗಿಸುತ್ತಿಲ್ಲ ಎಂದಲ್ಲ, ಬ್ರೇಸಿನ ಕೀಲಿಗೆ ತಡೆ ಹಾಕಿ ನಾನೇ ಬಗ್ಗಿಸಲು ಬಿಟ್ಟಿಲ್ಲ. ಇಪ್ಪತ್ತು ವರ್ಷದಿಂದ ಮೊಣಕಾಲು ನೋಡಿಕೊಂಡೇ ಅನ್ನ ತಿಂದ ಮನುಷ್ಯನಿಗೆ ಇದು ಮೂರು ದಿನ ತಲೆಗೆ ಹೋಗಿರಲಿಲ್ಲ.

ಅಂದು ಸಂಜೆ ಅವಳು ಸೋಫಾದಲ್ಲಿ ಕೂತು ಅತ್ತಳು. "ನನ್ ಕೈಲಾಗಲ್ಲ ರೀ. ಈ ವಯಸ್ಸಲ್ಲಿ ಬೇಕಿತ್ತಾ ಇದು? ನಾಳೆ ನಾನು ಹೋಗಲ್ಲ."

ಮರುದಿನವೇ ಕೊನೆಯ ದಿನ. ಸುಮ್ಮನಿದ್ದರೆ ಎಲ್ಲ ನನ್ನಿಷ್ಟದಂತೆ ಮುಗಿಯುತ್ತಿತ್ತು. ಅವಳ ಒಂದೂ ಮೂಳೆಗೆ ಏನೂ ಆಗದೆ ಮನೆ ಸೇರುತ್ತಿದ್ದೆವು, ಹೋಗಬೇಡ ಎಂದ ಕೆಟ್ಟ ಹೆಸರೂ ನನಗಿಲ್ಲ. ನಿಜ ಹೇಳುತ್ತೇನೆ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನೇ ಇದ್ದೆ. ಆದರೆ ಅವಳು ತನ್ನ ಮೊಣಕಾಲಿಗೆ ತಾನೇ ಒಂದು ಗುದ್ದು ಹಾಕಿದಳು. ಅದನ್ನು ನೋಡಲಾಗಲಿಲ್ಲ, ನನ್ನ ಮೇಲೆಯೇ ಅಸಹ್ಯವಾಯಿತು.

"ತಪ್ಪು ನಿನ್ ಕಾಲಿಂದಲ್ಲ ಕಣೇ, ನನ್ದು" ಎಂದು ಎಲ್ಲ ಹೇಳಿದೆ.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಮೂರು ದಿನ ರೀ! ಮೂರು ದಿನ ನನ್ ಕಾಲನ್ನೇ ಬೈಕೊಂಡಿದ್ದೀನಿ!" ಎಂದು ಬ್ರೇಸ್ ಬಿಚ್ಚಿ ನನ್ನ ಮಡಿಲಿಗೆ ಎಸೆದಳು. ಮಗಳು ನಕ್ಕು ನಕ್ಕು ನೆಲಕ್ಕೆ ಜಾರಿದಳು. "ಡ್ಯಾಡ್, ಆ್ಯಂಡ್ ದೇ ಲೆಟ್ ಯು ಆಪರೇಟ್ ಆನ್ ಪೀಪಲ್?"

ಮರುದಿನ ಬರಿಯ ಮೊಣಕಾಲಿನಲ್ಲಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಗುಂಪು ಬಿಟ್ಟು, ಕಲಿಸುವವಳ ಜೊತೆ ಚೇರ್‌ಲಿಫ್ಟ್‌ನಲ್ಲಿ ಮೇಲೇರಿದಳು. ಬೇಕಾದೀತೆಂದು ತಂದಿದ್ದ ಬ್ರೇಸುಗಳನ್ನು ಹಿಡಿದು ನಾನು ಕೆಳಗೆ ನಿಂತೆ. ಮಗಳು ಪಕ್ಕದಲ್ಲಿ ಫೋನ್ ಹಿಡಿದಿದ್ದಳು. ಮೇಲೆ ಹೆಂಡತಿಯ ಕೆಂಪು ಜಾಕೆಟ್ ಚುಕ್ಕಿಯಷ್ಟು ಕಂಡಿತು, ಎಡಕ್ಕೆ ಬಂತು, ಬಲಕ್ಕೆ ಬಂತು. ಆಮೇಲೆ ಮಗಳ ಕೂಗು, ಹಿಮ ಕೊಯ್ಯುವ ಸದ್ದು. ಕಣ್ಣೆದುರು ನನ್ನ ಹೆಂಡತಿ ಕೆಂಪು ಮುಖ ಹೊತ್ತು ನಿಂತಿದ್ದಳು. ಚಿತ್ರದುರ್ಗದ ಆ ಹುಡುಗಿಯನ್ನು ನಾನು ಎಂದೂ ಕಂಡವನಲ್ಲ, ಅವತ್ತು ಕಂಡೆ.

"ನೋಡಿದ್ರಾ? ಕೊನೇಲಿ ನೇರ ಬಿಟ್ಟೆ, ನೋಡಿದ್ರಾ?"

"ನೋಡ್ದೆ, ನೋಡ್ದೆ" ಎಂದೆ.

ಮಗಳು ವಿಡಿಯೋ ತೋರಿಸಿದಳು. ಕೆಂಪು ಜಾಕೆಟ್ ಬಾಣದಂತೆ ಇಳಿದು ಬರುತ್ತದೆ. ಚಿತ್ರದ ಮೂಲೆಯಲ್ಲಿ ನಾನಿದ್ದೇನೆ, ಎರಡೂ ಬ್ರೇಸುಗಳನ್ನು ಎದೆಗವಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

ಹೆಂಡತಿ ಅದನ್ನು ಎರಡು ಸಲ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಕೈಗವಸಿನಿಂದ ನನ್ನ ಮೂಗಿನ ಮೇಲಿದ್ದ ಹಿಮ ಒರೆಸಿದಳು.

"ಇನ್ನೊಂದ್ ಸಲ ಹೋಗ್ತೀನಿ. ಈ ಸಲ ಕಣ್ ಬಿಟ್ಕೊಂಡಿರಿ" ಎಂದಳು.

ಚೇರ್‌ಲಿಫ್ಟ್ ಅವಳನ್ನು ಮತ್ತೆ ಎತ್ತಿಕೊಂಡು ಹೋಯಿತು. ನಾನು ಬ್ರೇಸುಗಳನ್ನು ಹಿಮದ ಮೇಲಿಟ್ಟು, ಅವಳು ಕೆಳಗೆ ಬಂದು ನಿಲ್ಲುವವರೆಗೂ ನೋಡಿದೆ.