ನಂಬರಿಲ್ಲದ ಎಮ್ಮೆಗೆ ಮೇವು ಹಾಕಿದವಳು

ಕಂಪ್ಯೂಟರ್ ಮೇಡಂ ಜಡೆಯಲ್ಲಿ ಯಾವಾಗಲೂ ಜೋಳದ ಕಣಕಿಯ ಎಸಳು ಸಿಕ್ಕಿರುತ್ತಿತ್ತು. ಅಷ್ಟು ಕಲಿತವಳು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಮೇವಿನ ಪೆಂಡಿಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಟಕಟಕ ಬಡಿಯುತ್ತಿದ್ದಳು. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವಳ ವಿದ್ಯೆ ನನಗೆ ಗೊತ್ತಿಲ್ಲ. ಅವಳು ಮಾಡಿದ್ದು ಗೊತ್ತು.

ಬರದ ವರ್ಷಗಳು. ಕೊಳಾರದ ಗೋದಾಮಿನಿಂದ ಒಂದು ಸಂಘದವರು ನಮ್ಮ ಮೆಹಕರಕ್ಕೆ ವಾರಕ್ಕೊಮ್ಮೆ ಲಾರಿಯಲ್ಲಿ ಮೇವು ಕಳಿಸುತ್ತಿದ್ದರು. ಅದರ ಜೊತೆ ಮೇಡಂ ಬರುತ್ತಿದ್ದಳು. ಮನೆಗೊಂದು ಕಾರ್ಡು, ಕಾರ್ಡಿಗೊಂದು ನಂಬರು. ಮೇಡಂ ಯಂತ್ರ ಆ ನಂಬರನ್ನು ತನ್ನ ಪಟ್ಟಿಯಲ್ಲಿ ಹುಡುಕಿ ‘ಇದೆ’ ಎಂದರೆ ಮಾತ್ರ ಪೆಂಡಿ ಇಳಿಯುತ್ತಿತ್ತು. ಕಾರ್ಡು ಹಂಚುವಾಗ ನಾನು ಹೈದರಾಬಾದಿನಲ್ಲಿ ಇಟ್ಟಂಗಿ ಹೊರುತ್ತಿದ್ದೆ. ತಿರುಗಿ ಬಂದು ನೋಡಿದರೆ ಗಬ್ಬದ ಎಮ್ಮೆಯ ಎಲುಬು ಎಣಿಸುವಂತಿತ್ತು. ಕಾರ್ಡು ಮುಗಿದಿದ್ದವು. ಮೇಡಂ ನಂಬರಿನ ಜಾಗ ಖಾಲಿ ಬಿಟ್ಟು ನನ್ನ ಹೆಸರು ಸೇರಿಸಿದಳು.

ಮುಂದಿನ ಲಾರಿ ಬಂದ ದಿನ ಯಾರ ಕಾರ್ಡು ತೋರಿಸಿದರೂ ಯಂತ್ರ ‘ಇಲ್ಲ’ ಎಂದಿತು. ಇಡೀ ಊರಿಗೇ ಇಲ್ಲ.

ಲಾರಿಯ ಜೊತೆ ಬಂದಿದ್ದ ಸಂಘದ ಸಾಹೇಬ ನನ್ನ ಕಡೆ ಬೆರಳು ಮಾಡಿದ. “ಈ ಮುದುಕಿ ಹೆಸರು ಸೇರ್ದ ಮ್ಯಾಲೇ ಕೆಟ್ಟದ. ಆ ಹೆಸರು ಹೊಡದ್ಹಾಕ್ರಿ ಮೇಡಂ, ಎಲ್ಲಾ ಸಾಫ್ ಆಗ್ತದ.”

ಜನ ಹೂಂ ಎಂದರು. ನನ್ನ ಓಣಿಯವರೇ.

“ಹೊಡಿ! ನಿನ್ನಂಗ ನನ್ನ ಎಮ್ಮಿ ಕಾಗದ ತಿಂದು ಬದಕಂಗಿಲ್ಲ,” ಎಂದೆ.

“ಸುಮ್ಕಿರ್ರಿ ಆಯಿ,” ಎಂದಳು ಮೇಡಂ. ಯಂತ್ರದ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಣೆ ಬಡಿದುಕೊಂಡು ನಕ್ಕಳು.

“ಸಾಹೇಬ್ರ, ತಪ್ಪು ಈ ಆಯೀದಲ್ಲ, ನಂದು. ಇದು ಪೈಥಾನ್, ಯಂತ್ರಕ್ಕ ಕೆಲಸ ಹೇಳೋ ಭಾಷಾ. ಪಟ್ಟಿ ಓದ್ಲಿಕ್ಕಿ ಇದರಾಗ ಯಾರೋ ಮೊದಲೇ ಬರದಿಟ್ಟ ಕೋಡು ಅದ, ಲೈಬ್ರರಿ ಅಂತಾರ. ಒಂದು ಜಾಗ ಖಾಲಿ ಕಂಡ್ರ ಸಾಕು, ಪಟ್ಟಿಯಾಗಿನ ಎಲ್ಲಾರ ನಂಬರನ್ನ ದಶಾಂಶ ಮಾಡಿಬಿಡ್ತದ. ೪೧೭ ಇದ್ದದ್ದು ೪೧೭.೦ ಆಗ್ಯದ. ಕಾರ್ಡಿನ ಮ್ಯಾಲ ಚುಕ್ಕಿ ಸೊನ್ನಿ ಎಲ್ಲದ? ಅದಕ್ಕ ಹೊಂದವಲ್ದು.”

“ಅದಕ್ಕ ಯಾರ್ ಹೇಳಿದ್ರು?” ಎಂದ ಸಾಹೇಬ.

“ಯಾರೂ ಹೇಳಿಲ್ಲ. ನಾವು ಹೇಳದೆ ಬಿಟ್ರ ತನ್ನ ಶಾಣ್ಯಾತನ ತೋರಸ್ತದ.”

“ಹಂಗಾರ ಖಾಲಿ ಜಾಗ ತಗೀರಿ.”

“ತಗಿಯಂಗಿಲ್ಲರಿ. ನಾಳಿ ಇನ್ನೊಬ್ಬರು ದುಡಿಲಿಕ್ಕಿ ಹೋಗಿ ತಿರುಗಿ ಬರ್ತಾರ. ಅವರನ್ನೂ ಹೊಡದ್ಹಾಕ್ಲೇನು?”

ಅವಳು ಎರಡು ಕೆಲಸ ಮಾಡಿದಳು. ಈ ನಂಬರು ಕೂಡಿಸಲಿಕ್ಕಲ್ಲ ಕಳೆಯಲಿಕ್ಕಲ್ಲ, ಅಕ್ಷರ ಎಂದೇ ಓದು ಎಂದು ಯಂತ್ರಕ್ಕೆ ಬರೆದಳು. ನಂಬರು ಖಾಲಿ ಇದ್ದವರಿಗೆ ಹೆಸರು ಕೇಳು ಎಂದು ಬರೆದಳು. ನನ್ನನ್ನೇ ಮೊದಲು ಕರೆದಳು. ಹೆಸರು ಹೇಳಿದೆ. ‘ಇದೆ’ ಎಂದಿತು!

ಹೊಡೆದುಹಾಕಿ ಎಂದವರ ನಡುವೆಯೇ ಪೆಂಡಿ ತಲೆಯ ಮೇಲೆ ಹೊತ್ತು ನಡೆದೆ. ಹಿಂದಿನಿಂದ ಒಂದೊಂದೇ ಕಾರ್ಡು ಪಾಸಾಗುವುದು, ಜನ ಸಿಳ್ಳೆ ಹಾಕುವುದು ಕೇಳುತ್ತಿತ್ತು.

ಎಮ್ಮೆ ಹೆಣ್ಣುಗರು ಹಾಕಿತು. ಗಿಣ್ಣ ಕಾಸಿಕೊಂಡು, ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಕೊಳಾರಕ್ಕೆ ಹೋದೆ. ಮೇಡಂ ಗೋದಾಮಿನಲ್ಲೂ ಪೆಂಡಿಯ ಮೇಲೆ ಕೂತೇ ತಿಂದು ಬೆರಳು ನೆಕ್ಕಿದಳು. “ಸಕ್ರಿ ಕಮ್ಮಿ ಅದ ಆಯಿ,” ಎಂದಳು. ಇದ್ದದ್ದೇ ಅಷ್ಟು.

ಮಳೆ ಬಂದ ಮೇಲೆ ಅವಳು ಔರಾದಿಗೆ ಹೋದಳು. ಆಮೇಲೆ ಕಂಡಿಲ್ಲ. ಆ ಪಟ್ಟಿಯಲ್ಲಿ ನನ್ನ ನಂಬರಿನ ಜಾಗ ಕೊನೆಯ ಲಾರಿಯವರೆಗೂ ಖಾಲಿಯೇ ಇತ್ತು. ಎಮ್ಮೆ ಇನ್ನೂ ಮೂರು ಸಲ ಈದಿತು.