ಪರದೆ ಅಂಗಡಿಗೆ ಬಂದ ಪುರಸಭಾಧ್ಯಕ್ಷರು

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಪರದೆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ನನ್ನ ಪ್ರತಿಭೆ ಇದ್ದುದು ಪರದೆಯಲ್ಲಲ್ಲ, ಗಂಟಲಲ್ಲಿ. ಪಕ್ಕದ ಮೊಬೈಲ್ ಅಂಗಡಿಯವನ ಸೀನು, ಚರ್ಚಿನ ಗಾಯನದಲ್ಲಿ ಶ್ರುತಿ ತಪ್ಪುವ ನನ್ನದೇ ರಾಗ, ಎಲ್ಲವನ್ನೂ ಅಣಕಿಸುತ್ತಿದ್ದೆ. ಹೆಚ್ಚು ಚಪ್ಪಾಳೆ ಗಿಟ್ಟುತ್ತಿದ್ದುದು ಮಾತ್ರ ನಮ್ಮ ಸಾವ್ಕಾರರ ದನಿಗೆ.

ಸಾವ್ಕಾರರು ಉಡುಪಿ ಕಡೆಯ ಬ್ಯಾರಿ. ಹರೆಯದಲ್ಲಿ ಸೌದಿ ಗಡಿಯ ಹತ್ತಿರ ತಗಡಿನ ಶೆಡ್ಡು ಹಾಕಿಕೊಂಡು, ಸಾಲುಗಟ್ಟಿ ನಿಂತ ಲಾರಿಗಳ ಹರಿದ ಟಾರ್ಪಾಲು ಹೊಲಿದವರು. ಯಾವಾಗ ಆಗುತ್ತದೆ ಎಂದು ಡ್ರೈವರುಗಳು ಅವಸರಿಸಿದರೆ, ದಬ್ಬಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ "ನೋಡುವ" ಎನ್ನುತ್ತಿದ್ದರಂತೆ, ಅಂದರೆ ನೋಡೋಣ. ದಬ್ಬಣ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ 'ನೋಡುವ' ಮಾತ್ರ ಕಚ್ಚಿದ ಹಲ್ಲುಗಳ ನಡುವಿನಿಂದಲೇ ಬರುತ್ತಿತ್ತು. ಸಂಬಳ ಜಾಸ್ತಿ ಮಾಡಿ ಅಂದರೂ ನೋಡುವ, ಊಟಕ್ಕೆ ಬನ್ನಿ ಅಂದರೂ ನೋಡುವ. ಹಲ್ಲುಜ್ಜುವ ಬ್ರಷ್ ಕಚ್ಚಿಕೊಂಡು ನಾನದನ್ನು ಅಭ್ಯಾಸ ಮಾಡಿದ್ದೆ.

ಅಂಥವರು ಊರಿಗೆ ಹೋಗಿ, ವಾರ್ಡಿಗೆ ನಿಂತು, ಗೆದ್ದು, ಮೀಸಲಾತಿಯ ಸರದಿ ಕೂಡಿಬಂದು ಪುರಸಭೆಯ ಅಧ್ಯಕ್ಷರೇ ಆಗಿಬಿಟ್ಟರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ವೀಸಾ ಇದ್ದುದು ಆ ಅಂಗಡಿಯ ಮೇಲೆ. ಅಂಗಡಿ ಮುಚ್ಚಿದರೆ ನಾನೂ ಖಲಾಸ್.

ಆರು ತಿಂಗಳು ದೇಶದ ಹೊರಗೇ ಉಳಿದರೆ ಇಲ್ಲಿನ ವೀಸಾ ಸಾಯುತ್ತದೆ. ಅಧ್ಯಕ್ಷರು ತಮ್ಮದರ ಉಸಿರು ಉಳಿಸಲು ಬಂದರೋ, ರದ್ದು ಮಾಡಿಸಲು ಬಂದರೋ ಗೊತ್ತಿಲ್ಲ, ಒಂದು ಸಂಜೆ ಅಂಗಡಿಯಲ್ಲಿ ಪ್ರತ್ಯಕ್ಷರಾದರು. ಮೈಮೇಲೆ ಖಾದಿ ಅಂಗಿ, ಕಾಲಲ್ಲಿ ಅದೇ ಹಳೆ ಚಪ್ಪಲಿ. ಏನೆಂದು ಕರೆಯಲಿ?

"ಸಾವ್... ಅಧ್ಯಕ್... ಬನ್ನಿ" ಎಂದೆ.

"ಎಂತ ಮಾರಾಯ, ಕೆಮ್ಮಾ?"

ಹಿಂದೆಯೇ ಅಬುಧಾಬಿಯಲ್ಲಿದ್ದ ಊರಿನವರು ಬಂದು ತುಂಬಿಕೊಂಡರು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ನರ್ಸಮ್ಮನಿಗೆ ಊರಿನ ಮನೆಯೆದುರಿನ ಚರಂಡಿಯ ಚಿಂತೆ, ಹೋಟೆಲಿನವನಿಗೆ ದಾರಿದೀಪದ್ದು. ಪರದೆ ಕೊಳ್ಳಲು ಬಂದ ಗಿರಾಕಿ ಗಾಬರಿಯಾಗಿ ಹೊರಟೇ ಹೋದ. ಆ ಗದ್ದಲದಲ್ಲೇ ನಾನೂ ತೂರಿದೆ: "ಸಾವ್ಕಾರ್ರೇ, ಅಂಗಡಿ ಇಡ್ತೀರಾ, ಮುಚ್ತೀರಾ?"

"ನೋಡುವ."

ನರ್ಸಮ್ಮ ಬೇರೆ ಸುಮ್ಮನಿರಬೇಕಲ್ಲ? "ಹೇ, ನೀನು ಇವರ ದನಿ ಮಾಡ್ತಿ ಅಲ್ವಾ? ಇವರ ಎದುರೇ ಮಾಡು ನೋಡುವ!"

ನಾನು ಗೋಡೆಯೊಳಗೆ ಇಂಗಲು ನೋಡಿದೆ. ಸಾವ್ಕಾರರು ಕುರ್ಚಿಯಿಂದ ಎದ್ದೇಬಿಟ್ಟರು. "ಕೂತ್ಕೋ. ನೀನು ನಾನು. ನಾನು ನೀನು."

ಕೂತೆ. ಅವರು ಮೇಜಿನ ಆಚೆ ನಿಂತು, ಭುಜ ಕುಗ್ಗಿಸಿ, ಮೂಗಿನಲ್ಲಿ ರಾಗ ಎಳೆದರು: "ಸಾವ್ಕಾರ್ರೇ, ನನ್ನ ವೀಸಾ ಎಂತ ಆಗ್ತದೆ? ನಾನು ಇಲ್ಲಿ ಮ್ಯಾನೇಜರು ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ ಅಲ್ವಾ!"

ಅಂಗಡಿಯೇ ಹಾರಿಹೋಗುವಂಥ ನಗು. ಅದು ನಾನೇ. ಆ ಎಳೆತ, ಆ ಭುಜ, ಆ ಸುಳ್ಳು ಕೂಡ ನನ್ನದೇ. ಹಾಗಾದರೆ ಕುರ್ಚಿಯಲ್ಲಿ ಕೂತವನು ಯಾರು? ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಮುಚ್ಚುತ್ತೇನೆ ಅಂದರೆ ನನ್ನನ್ನೇ ಊರಿಗೆ ಅಟ್ಟಿದ ಹಾಗೆ. ಇಡುತ್ತೇನೆ ಅನ್ನಲು ಅಂಗಡಿ ನನ್ನಪ್ಪನದೇ? ಹಲ್ಲು ತಾನಾಗಿ ಕಚ್ಚಿಕೊಂಡಿತು.

"ನೋಡುವ" ಎಂದೆ.

ಯಾರೂ ನಗಲಿಲ್ಲ.

"ಕಂಡ್ಯಾ?" ಸಾವ್ಕಾರರು ತಮ್ಮ ದನಿಗೆ ಮರಳಿದರು. "ಅಲ್ಲಿ ಕೂತ್ರೆ ಬೇರೆ ಎಂತದೂ ಬಾಯಿಗೆ ಬರುದಿಲ್ಲ."

"ಹಾಗಾದ್ರೆ ಅಂಗಡಿ?" ಎಂದು ನನ್ನ ದನಿಯಲ್ಲೇ ಕೇಳಿದೆ. ಅವರು ಮಾಡಿದಷ್ಟು ಚೆನ್ನಾಗಿ ಬರಲಿಲ್ಲ.

"ಇರ್ಲಿ. ಅಧ್ಯಕ್ಷಗಿರಿ ಮುಗಿದ ಮೇಲೆ ನಂಗೆ ಕೆಲಸ ಯಾರು ಕೊಡ್ತಾರೆ? ಏಳು, ಕುರ್ಚಿ ಬಿಡು."

ಎದ್ದೆ. ಮೇಜಿನ ಯಾವ ಬದಿಗೆ ನಿಲ್ಲಬೇಕೆಂದು ತಿಳಿಯದೆ ಪರದೆಗಳ ನಡುವೆ ನಿಂತೆ. ನರ್ಸಮ್ಮ ಮತ್ತೆ ಶುರುಮಾಡಿದರು: "ಅಧ್ಯಕ್ಷರೇ, ನಮ್ಮ ಚರಂಡಿ..."

ಸಾವ್ಕಾರರ ಹಲ್ಲು ಕಚ್ಚಿಕೊಳ್ಳುವುದರಲ್ಲಿತ್ತು. ನನ್ನತ್ತ ಒಮ್ಮೆ ನೋಡಿದರು. ಬಾಯಿ ಪೂರ್ತಿ ತೆರೆದು, "ಮಾಡಿಸ್ತೇನೆ" ಅಂದರು.

ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬ್ರಷ್ ಕಚ್ಚಿ ನೋಡಿದೆ, ತೆಗೆದು ನೋಡಿದೆ. ಅದೊಂದರ ಅಣಕು ನನಗೆ ಇವತ್ತಿಗೂ ಕೂತಿಲ್ಲ.