ಫೌಜಿ ಕಾಕಾರ ದೊಡ್ಡ ದಿಲ್

ಕಾಕಾರ ಬಲಗೈ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಲಡಾಖಿನ ಹಿಮಕ್ಕೆ ಹೋಗಿತ್ತು. ಎಮ್ಮೆ ಕಂಡರೆ ಸಾಕು, ಆ ಮೊಂಡು ಬೆರಳಿನ ಕೈಯನ್ನು ಅದರ ಮುಂಗಾಲಿನ ಹಿಂದೆ, ಪಕ್ಕೆಲುಬಿನ ಮೇಲೆ ಇಟ್ಟು ಎದೆಬಡಿತ ನೋಡುತ್ತಿದ್ದರು. "ಮಸ್ತ್ ಅದ" ಎಂದ ಮೇಲೆಯೇ ಎಮ್ಮೆಯ ಮಾಲೀಕರ ಕ್ಷೇಮ ವಿಚಾರಿಸುವುದು.

ಶಹಾಬಾದದಲ್ಲಿ ನಮ್ಮ ಪಕ್ಕದ ಮನೆಯವರು. ಸೈನ್ಯದಲ್ಲಿ ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಂಡು ಬಂದವರು, ಅದಕ್ಕೇ ಊರಿಗೆಲ್ಲ ಫೌಜಿ ಕಾಕಾ. ಸಂಜೆ ಫರ್ಸಿ ಕಲ್ಲಿನ ಕಟ್ಟೆ ಮೇಲೆ ಕೂತರೆ ಬೆಟ್ಟದ ಪ್ರಾಣಿಗಳದೇ ಮಾತು.

"ಅಲ್ಲಿ ಗಾಳಿ ಭಾಳ ತೆಳ್ಳಗ. ಅದಕ್ಕ ದಿಲ್ ದೊಡ್ಡದಿರ್ತದ, ಯಾಕ್."

"ಯಾಕ ಅಂತ ನಾ ಕೇಳಬೇಕ್ರಿ ಕಾಕಾ!"

"ಅದೇ ಹೇಳಾಕತ್ತೀನಲ್ಲ, ಯಾಕ್!"

ಯಾಕ್ ಎಂಬುದು ಉದ್ದ ಕೂದಲಿನ ಬೆಟ್ಟದ ದನದ ಹೆಸರು ಎಂದು ನನಗೆ ತಿಳಿಯುವಷ್ಟರಲ್ಲಿ ಜಗಳವೇ ಆಗುವುದರಲ್ಲಿತ್ತು.

ತಿಳಿದ ಮೇಲೂ ಗೊಂದಲ ಹೋಗಲಿಲ್ಲ. ಕೆಳಗಿನ ಊರಿನ ಆಕಳನ್ನು ಬೆಟ್ಟಕ್ಕೆ ಒಯ್ದರೆ ಅದರ ಹೃದಯವೂ ದೊಡ್ಡದಾಗುತ್ತದಂತೆ, ಆದರೆ ಅದು ಬೇನೆಯಂತೆ. ತೆಳು ಗಾಳಿಗೆ ಶ್ವಾಸಕೋಶದ ರಕ್ತನಾಳಗಳು ಬಿಗಿದು, ರಕ್ತ ನೂಕಿ ನೂಕಿ ಹೃದಯ ಉಬ್ಬಿ, ಎದೆಯ ಮುಂದೆ ನೀರು ತುಂಬಿ ಆಕಳು ಸಾಯುತ್ತದೆ. ಯಾಕ್ ಮಾತ್ರ ಹುಟ್ಟಿನಿಂದಲೇ ಬಂದ ದೊಡ್ಡ ಹೃದಯ ಹೊತ್ತು ಆರಾಮ ಮೇಯುತ್ತದೆ. ಹಾಗಾದರೆ ದೊಡ್ಡ ದಿಲ್ ಒಳ್ಳೆಯದೋ ಕೆಟ್ಟದ್ದೋ? ನನ್ನ ತಲೆ ಗಿರ್ ಎನ್ನುತ್ತಿತ್ತು.

ಕಳೆದ ವರ್ಷ ಅವರ ಕಾಲು ಬಾತವು. ಕಲಬುರಗಿಯ ದವಾಖಾನೆಗೆ ನಾನೇ ಕರೆದೊಯ್ದೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಹಾರ್ಟ್ ದೊಡ್ಡದಾಗಿದೆ" ಎಂದರು. ಕಾಕಾ ಖುಷಿಯಿಂದ, "ಯಾಕ್!" ಎಂದುಬಿಟ್ಟರು. ಪಾಪ, ಕಾಕಾ ಕಾರಣ ಕೇಳುತ್ತಿದ್ದಾರೆಂದು ತಿಳಿದು ಡಾಕ್ಟರು ಬಿಪಿ, ಉಪ್ಪು ಎಂದು ವಿವರಿಸತೊಡಗಿದರು.

ಮನೆಗೆ ಬಂದ ಕಾಕಾ ಗುಳಿಗೆ ಮುಟ್ಟಲಿಲ್ಲ. "ಪಹಾಡದಾಗ ಬೆಳೆದ ದಿಲ್ ಇದು. ಬ್ಯಾನಿ ಅಲ್ಲ."

"ನೀನರ ಹೇಳವ್ವ ಅವರಿಗಿ" ಎಂದು ಕಾಕಿ ಕಣ್ಣೀರಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ನೀವು ಹುಟ್ಟಿದ್ದು ಶಹಾಬಾದದಾಗ. ನೀವು ಯಾಕ್ ಅಲ್ರಿ, ಆಕಳ!"

ಕಾಕಾ ಕೈ ಚಾಚಿ ಗುಳಿಗೆ ಈಸಿಕೊಂಡರು. ಬೆಟ್ಟ ಇಳಿದು ಎಷ್ಟೋ ವರ್ಷವಾಗಿದೆ, ಈ ಊತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅಂದರೆ ಕಾಕಾ ಯಾಕೂ ಅಲ್ಲ, ಆಕಳೂ ಅಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದು ಹೇಗೆಂದು ಹೊಳೆಯಲಿಲ್ಲ. ಗುಳಿಗೆ ಒಳಗೆ ಹೋಯಿತಲ್ಲ, ಅಷ್ಟು ಸಾಕೆನಿಸಿತು.

ಈ ಬೇಸಿಗೆಯಲ್ಲಿ ಗುಳಿಗೆಯೂ ಸಾಲದಾಯಿತು. ಒಂದು ಬೆಳಿಗ್ಗೆ ದಿಂಬಿಗೆ ಒರಗಿ ಏದುಸಿರು ಬಿಡುತ್ತಾ, "ಬೇಟಾ, ಎಷ್ಟು ಮ್ಯಾಲ ಬಂದೀವಿ?" ಎಂದರು.

"ಮ್ಯಾಲೇನಿಲ್ರಿ ಕಾಕಾ. ಶಹಾಬಾದದಾಗೇ ಇದ್ದೀವಿ."

ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು.

"ಶಹಾಬಾದದಾಗ ಇದ್ರ, ಗಾಳಿ ಎಲ್ಲಿ ಹೋಯ್ತ್?"

ಕಿಟಕಿ, ಬಾಗಿಲು ಎಲ್ಲ ತೆರೆದೇ ಇದ್ದವು. ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮಧ್ಯಾಹ್ನದೊಳಗೆ ಕಾಕಾ ಹೋಗಿಬಿಟ್ಟರು.